ಒಂದೇ ಕಥೆ, ಮೂರು ಮನೆಯ ತೀರ್ಪು

ಬ್ಯಾರನ್ ಸತ್ತದ್ದು ನಮ್ಮ ಮನೆಯಲ್ಲಿ. ಚಿಕ್ಕಮಗಳೂರಿನಲ್ಲಿ ಅಕ್ಕನ ಮಗನ ಕಂಪ್ಯೂಟರಿನೊಳಗೆ ಅವನು ಇನ್ನೂ ಬದುಕಿದ್ದಾನೆ. ಬುದ್ಧಿ ಕಳೆದುಕೊಂಡ ಹೆಂಡತಿಯನ್ನು ಕರೆದುಕೊಂಡು, ಮದ್ದು ಕೊಡುವವರು ಯಾರಾದರೂ ಸಿಕ್ಕಾರೆಂದು ನೀಲಿ ಬೆಟ್ಟಗಳ ಕಡೆ ಹೋಗಿದ್ದಾನೆ. ಮೂಡಿಗೆರೆಯಲ್ಲಿ ಆ ಹುಡುಗನ ಗೆಳೆಯನ ಮನೆಯಲ್ಲೂ ಬ್ಯಾರನ್ ಸತ್ತ. ಆದರೆ ಅಲ್ಲಿ ಅವನ ಸತ್ತ ಕೂಸಿಗೆ ಕೊನೆಯವರೆಗೂ ಹೆಸರು ಸಿಗಲಿಲ್ಲ. ಮೂವರೂ ಆಡಿದ್ದು ಒಂದೇ ಆಟ, ಕೇಳಿದ್ದು ಒಂದೇ ಮಾತು, ನಡೆದದ್ದು ಒಂದೇ ಕೆಸರು ದಾರಿ. ನಡುವೆ ಎಲ್ಲೋ ನಾಲ್ಕು ಕಡೆ ನಾವು ಒತ್ತಿದ ಗುಂಡಿ ಬೇರೆ ಬೇರೆ, ಅಷ್ಟೆ.

ಆಟದ ಹೆಸರು 'ದಿ ವಿಚರ್ 3'. ಪೋಲೆಂಡಿನ ಲೇಖಕ ಆಂದ್ಜೇ ಸಪ್ಕೋವ್‌ಸ್ಕಿ ಬರೆದ ಕಥೆ, ಕಾದಂಬರಿಗಳ ಪಾತ್ರಗಳನ್ನು ಇಟ್ಟುಕೊಂಡು ವಾರ್ಸಾದ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಕಂಪನಿ ಮಾಡಿದ್ದು. 2015ರ ಮೇ 19ರಂದು ಹೊರಬಂತು. ಜಗತ್ತಿನಾದ್ಯಂತ 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆಯೆಂದು 2023ರಲ್ಲಿ ಕಂಪನಿಯೇ ಹೇಳಿಕೊಂಡಿತು. ಆ 5 ಕೋಟಿಯಲ್ಲಿ ಒಂದು ಪ್ರತಿ ಕಳಸದ ಪಕ್ಕ ಸಂಸೆಯ ಕಡೆ, ಸ್ವಲ್ಪ ಕಾಫಿ, ಸ್ವಲ್ಪ ಅಡಿಕೆ, ಮರಕ್ಕೆ ಹಬ್ಬಿದ ಕಾಳುಮೆಣಸು ಇರುವ ನಮ್ಮ ಮನೆಯಲ್ಲಿದೆ.

ಮನೆಗೆ ಅದು ಬಂದದ್ದು ಅಕ್ಕನ ಮಗನಿಂದ. ಹೊಸ ಕಂಪ್ಯೂಟರ್ ತೆಗೆದುಕೊಂಡ ಮೇಲೆ ಹಳೆಯ ಲ್ಯಾಪ್‌ಟಾಪನ್ನು "ಚಿಕ್ಕಮ್ಮ, ನಿಮಗೆ ತೋಟದ ಲೆಕ್ಕ ಬರೆಯೋದಕ್ಕೆ ಆಗುತ್ತೆ" ಎಂದು ಕೊಟ್ಟು ಹೋದ. ತೋಟದ ಲೆಕ್ಕ ನಾನು ಈಗಲೂ ನೋಟ್‌ಬುಕ್ಕಿನಲ್ಲೇ ಬರೆಯುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು. ಆಳು ಬರುವುದಿಲ್ಲ, ಚಿಗುರು ತೆಗೆಸುವ ಕೆಲಸ ನಿಂತಿರುತ್ತದೆ, ಟೀವಿಯ ಡಿಶ್ಶಿಗೆ ಮೋಡ ಅಡ್ಡ. ಇಂಥ ಒಂದು ಪುಷ್ಯ ಮಳೆಯಲ್ಲಿ ನಾನು ಆ ಆಟ ತೆರೆದೆ.

ಕರೆಂಟಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಬೆಂಗಳೂರಿನವರು ಮೊದಲು ಕೇಳುವುದೇ ಅದನ್ನು. ಈ ಸೀಮೆಯ ಎಷ್ಟೋ ಒಂಟಿಮನೆಗಳಲ್ಲಿರುವಂತೆ ನಮ್ಮಲ್ಲೂ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ತಿರುಗಿಸುವ ಪುಟ್ಟ ಟರ್ಬೈನಿದೆ. ಸಿಲ್ವರ್ ಮರ ತಂತಿಯ ಮೇಲೆ ಬಿದ್ದು ಊರಿಗೆಲ್ಲ ವಾರಗಟ್ಟಲೆ ಕರೆಂಟು ಹೋಗುವುದೂ ಹಳ್ಳದಲ್ಲಿ ನೀರು ಉಕ್ಕುವುದೂ ಒಂದೇ ಹೊತ್ತಿಗೆ. ಹಾಗಾಗಿ ಊರು ಕತ್ತಲಾದಾಗಲೇ ನಮ್ಮ ಲ್ಯಾಪ್‌ಟಾಪಿಗೆ ಸುಗ್ಗಿ. ತೊಂದರೆ ಒಂದೇ: ಪೈಪಿನ ಬಾಯಿಗೆ ಎಲೆ, ಕಸ ಕಟ್ಟಿದರೆ ದೀಪ ಮಂಕಾಗುತ್ತದೆ. ಆಗ ಯಾರಾದರೂ ಟಾರ್ಚು ಹಿಡಿದು, ಇಂಬಳ ಕಚ್ಚಿಸಿಕೊಂಡು ಹೋಗಿ ತೆಗೆದು ಬರಬೇಕು. "ನಿನ್ನ ದೆವ್ವ ಕೊಲ್ಲೋದಕ್ಕೆ ನಾನು ಯಾಕೆ ಇಂಬಳ ಕಚ್ಚಿಸಿಕೊಳ್ಳಲಿ?" ಎನ್ನುವುದು ನಮ್ಮ ಯಜಮಾನರ ವಾದ. ನ್ಯಾಯವಾದ ವಾದವೇ.

ಕಥೆಯಿರುವ ಇಂಥ ಆಟಗಳು ಮಕ್ಕಳು ಫೋನಿನಲ್ಲಿ ಢಂ ಢಂ ಎನ್ನಿಸುವ ಆಟಗಳ ಜಾತಿಯವಲ್ಲ. ಇವುಗಳ ಬೇರು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿದೆ. ಅದಕ್ಕೆ ಕಂಪ್ಯೂಟರೇ ಬೇಕಿರಲಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುವವನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಒಬ್ಬ ಕಳ್ಳ, ಒಬ್ಬಳು ಮಾಟಗಾತಿ, ಇನ್ನೊಬ್ಬ ಕತ್ತಿ ಹಿಡಿದ ಯೋಧ. "ಗುಹೆಯ ಬಾಗಿಲಲ್ಲಿ ಮುದುಕಿಯೊಬ್ಬಳು ಕೂತಿದ್ದಾಳೆ, ಏನು ಮಾಡುತ್ತೀರಿ?" ಎಂದು ನಡೆಸುವವನು ಕೇಳುತ್ತಾನೆ. ಮಾತಾಡಿಸುತ್ತೀರೋ, ಹೆದರಿಸುತ್ತೀರೋ, ಕದ್ದು ಒಳಗೆ ನುಗ್ಗುತ್ತೀರೋ ನಿಮ್ಮ ಇಷ್ಟ. ನಡೆದೀತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮುಂದೆ ಇದೇ ಕ್ರಮ ಕಂಪ್ಯೂಟರಿನೊಳಗೆ ಹೋಯಿತು. ಕಥೆ ನಡೆಸುವವನ ಜಾಗದಲ್ಲಿ ಮೊದಲೇ ಬರೆದಿಟ್ಟ ಸಾವಿರಾರು ಪುಟದ ಸಂಭಾಷಣೆ ಕೂತಿತು.

ವಿಚರ್ ಆಟದಲ್ಲಿ ನಾವು ಗೆರಾಲ್ಟ್ ಎಂಬ ಬಿಳಿಗೂದಲಿನವನು. ದುಡ್ಡು ತೆಗೆದುಕೊಂಡು ಊರಿನ ಭೂತ ಪಿಶಾಚಿಗಳನ್ನು ನಿವಾರಿಸುವುದು ಕಸುಬು. ಸಾಕುಮಗಳು ಸಿರಿ ಕಾಣೆಯಾಗಿದ್ದಾಳೆ, ಅವಳನ್ನು ಹುಡುಕಿಕೊಂಡು ಹೊರಟಿದ್ದಾನೆ. ಯುದ್ಧದಲ್ಲಿ ಹಾಳುಬಿದ್ದ ವೆಲೆನ್ ಎಂಬ ಜವುಗು ಸೀಮೆಯಲ್ಲಿ ಅವನಿಗೆ ಈ ಬ್ಯಾರನ್ ಸಿಗುತ್ತಾನೆ. ಕುಡುಕ, ದಢೂತಿ, ಮಾತಿಗೆ ಬಿದ್ದರೆ ಒಳ್ಳೆಯವನು. ತನ್ನ ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಟ್ಟರೆ ಸಿರಿಯ ಸುದ್ದಿ ಹೇಳುತ್ತೇನೆ ಎನ್ನುತ್ತಾನೆ. ಕೆದಕುತ್ತ ಹೋದರೆ ತಿಳಿಯುವುದು, ಅವರು ಕಾಣೆಯಾದದ್ದಲ್ಲ, ಓಡಿಹೋದದ್ದು. ಅವನ ಹೊಡೆತ ತಡೆಯಲಾರದೆ. ಬಸುರಿ ಹೆಂಡತಿಗೆ ಗರ್ಭಪಾತವಾಗಿತ್ತು. ಆ ಕೂಸನ್ನು ಹೆಸರಿಡದೆ, ಸಂಸ್ಕಾರವಿಲ್ಲದೆ ಹೂತಿದ್ದ. ಅದು ಈಗ ಪಿಶಾಚಿಯಾಗಿದೆ.

ಇಲ್ಲಿ ಮೊದಲ ಆಯ್ಕೆ. ಕೂಸನ್ನು ಕತ್ತಿಯಿಂದ ಕೊಂದು ಮುಗಿಸಬಹುದು. ಅಥವಾ ಬ್ಯಾರನ್ ಅದನ್ನು ತನ್ನ ಕೈಯಲ್ಲೇ ಎತ್ತಿಕೊಂಡು, ಕೋಟೆಯವರೆಗೆ ನಡೆದು, ಹೆಸರಿಟ್ಟು, ಹೊಸಿಲಿನ ಬುಡದಲ್ಲಿ ಹೂಳಬೇಕು. ಆಗ ಅದು ಮನೆ ಕಾಯುವ ಶಕ್ತಿಯಾಗುತ್ತದೆ. ನಾನು ಎರಡನೆಯದನ್ನು ಹಿಡಿದೆ. ಗುಡುಗು ಮಳೆಯ ರಾತ್ರಿ ಆ ದಢೂತಿ ಮನುಷ್ಯ ವಿಕಾರವಾದ ಆ ಕೂಸನ್ನು ಎದೆಗವಚಿಕೊಂಡು ನಡೆಯುತ್ತಾನೆ. ಅದು ನಡುನಡುವೆ ಕೆರಳಿ ಅವನನ್ನೇ ಕಚ್ಚಲು ಬರುತ್ತದೆ. ನಾವು ಗೆರಾಲ್ಟನ ಮಂತ್ರದಿಂದ ಅದನ್ನು ಸುಮ್ಮನಾಗಿಸುತ್ತ ಜೊತೆಯಲ್ಲಿ ನಡೆಯಬೇಕು. ಹೊರಗೆ ನಮ್ಮ ಅಂಗಳದಲ್ಲೂ ಅಂಥದೇ ಮಳೆ. ನನ್ನ ಅತ್ತೆ ಹಿಂದಿನ ಕುರ್ಚಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದವರು ಕೈ ನಿಲ್ಲಿಸಿದ್ದರು. ಆಟದ ಇಂಗ್ಲಿಷ್ ಅವರಿಗೆ ಬಾರದು. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಹೆಸರಿಟ್ಟು ಹೊಸಿಲಡಿ ಹೂತ ಮೇಲೆ ಅತ್ತೆ ಹೇಳಿದ್ದು ಇಷ್ಟು: "ಹೊಡೆದವನಿಗೆ ಒಂದು ರಾತ್ರಿ ಹೊತ್ತರೆ ಸಾಕಾಯ್ತಾ? ಒಂಬತ್ತು ತಿಂಗಳು ಹೊರಿಸಬೇಕಿತ್ತು."

ಮೂಡಿಗೆರೆಯ ಹುಡುಗ ಕತ್ತಿ ಎತ್ತಿದ್ದ. "ಪಿಶಾಚಿ ಅಂದ ಮೇಲೆ ಕೊಲ್ಲೋದೇ ಕೆಲಸ ಅಲ್ವಾ ಆಂಟಿ?" ಎಂದ. ಹೂಳುವ ದಾರಿಯೊಂದಿದೆ ಎಂದು ಅಲ್ಲೇ ಹೇಳುತ್ತಾರೆ, ಅವನಿಗೆ ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ. ಆಟ ಅವನನ್ನು ಬೈಯಲಿಲ್ಲ, ನಿಲ್ಲಿಸಲೂ ಇಲ್ಲ. ಬೇರೊಂದು ದಾರಿಯಲ್ಲಿ ಕಥೆಯನ್ನು ಮುಂದೆ ಕೊಂಡುಹೋಯಿತು. ಈ ಆಟದ ಗುಣವೇ ಅದು. ಮಾಡಿದ್ದು ಸರಿಯೋ ತಪ್ಪೋ ಎಂದು ಅಂಕ ಕೊಡುವ ಮೇಷ್ಟ್ರು ಇಲ್ಲಿಲ್ಲ.

ಆಮೇಲಿನದು ಇನ್ನೂ ಕಠಿಣ. ಜವುಗಿನ ನಡುವೆ ಮೂವರು ಮಾಟಗಾತಿ ಮುದುಕಿಯರು, ಅವರ ಹಿಡಿತದಲ್ಲಿ ಐವರು ಅನಾಥ ಮಕ್ಕಳು. ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯಂಥ ಹೆಂಗಸೇ ಬ್ಯಾರನ್ನನ ಹೆಂಡತಿ. ಹತ್ತಿರದ ಗುಡ್ಡವೊಂದರ ಒಳಗೆ ಮರದ ಬೇರುಗಳ ನಡುವೆ ಒಂದು ಆತ್ಮ ಸೆರೆಯಾಗಿದೆ. "ಬಿಡಿಸು, ಮಕ್ಕಳನ್ನು ನಾನು ಕಾಪಾಡುತ್ತೇನೆ" ಎನ್ನುತ್ತದೆ ಅದು. ನಂಬಬಹುದೇ? ಊರವರು ಕೊಲ್ಲು ಎನ್ನುತ್ತಾರೆ. ನಾನು ಬಿಡಿಸಿದೆ. ಮಕ್ಕಳು ಉಳಿದವು. ಆದರೆ ಆ ಆತ್ಮ ಪಕ್ಕದ ಊರನ್ನೇ ನಾಶ ಮಾಡಿತು. ಕೋಪಗೊಂಡ ಮುದುಕಿಯರು ಬ್ಯಾರನ್ನನ ಹೆಂಡತಿಯನ್ನು ಶಪಿಸಿದರು, ಅವಳು ಸತ್ತಳು, ಅವನು ತನ್ನ ಕೋಟೆಯ ಅಂಗಳದ ಮರಕ್ಕೆ ನೇಣು ಹಾಕಿಕೊಂಡ. ಅಕ್ಕನ ಮಗ ಆತ್ಮವನ್ನು ಕೊಂದ. ಊರು ಉಳಿಯಿತು, ಬ್ಯಾರನ್ ಉಳಿದ, ಹೆಂಡತಿ ಜೀವಸಹಿತ ಸಿಕ್ಕಳು, ಬುದ್ಧಿ ಮಾತ್ರ ಹೋಗಿತ್ತು. ಮಕ್ಕಳು ಐದೂ ಮುದುಕಿಯರ ಪಾಲಾದವು. ಗುಟ್ಟು ಹೊರಗೆ ಬಿಟ್ಟೆನೆಂದು ಯಾರೂ ಬೇಸರಪಡಬೇಡಿ. ಆಟ ಬಂದು ಹತ್ತು ವರ್ಷ ದಾಟಿದೆ.

ಯಾರು ಮಾಡಿದ್ದು ಸರಿ ಎಂಬ ಜಗಳ ನಡೆದದ್ದು ಕೊಟ್ಟಿಗೆಹಾರದಲ್ಲಿ. ಚಾರ್ಮಾಡಿ ಹತ್ತಿ ಬರುವವರೂ, ಕಳಸ, ಹೊರನಾಡಿಗೆ ಹೋಗುವವರೂ ಇಳಿದು ನೀರುದೋಸೆ ತಿನ್ನುವ ಊರು ಅದು. ಮೂಡಿಗೆರೆಯಲ್ಲಿ ಒಂದು ಮದುವೆ ಮುಗಿಸಿ ಎರಡು ಕಾರಿನಲ್ಲಿ ವಾಪಸು ಬರುವಾಗ ಹುಡುಗರಿಬ್ಬರೂ ನಮ್ಮ ಜೊತೆಗಿದ್ದರು. ದೋಸೆ ಬರುವ ಮೊದಲೇ ಶುರುವಾಯಿತು.

"ಐದು ಮಕ್ಕಳನ್ನ ಬಿಟ್ಟುಕೊಟ್ಟೆಯಲ್ಲೋ!"

"ನೀವು ಒಂದಿಡೀ ಊರು ಸುಡಿಸಿದ್ದೀರಿ ಚಿಕ್ಕಮ್ಮ. ಆ ಊರಲ್ಲಿ ಮಕ್ಕಳಿರಲಿಲ್ಲವಾ?"

"ಅವನು ನೇಣು ಹಾಕ್ಕೊಂಡ ಅಂತ ನನಗೇನೂ ಬೇಜಾರಿಲ್ಲ, ಹೆಂಡತಿಗೆ ಹೊಡೆದವನು."

"ಅವಳೂ ಸತ್ತಳಲ್ಲ!"

ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು ದೋಸೆ ಮುರಿಯುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿದ್ದರು. ತುಂಬ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟರು: "ಯಾವ ಊರಿನವರಮ್ಮ ಅವರು?" ಅಕ್ಕನ ಮಗ ತಲೆ ಎತ್ತದೆ, "ಪೋಲೆಂಡ್ ಕಡೆಯವರು" ಎಂದ. ಹಿರಿಯರು "ಹೌದಾ" ಎಂದು ಮರುಕದಿಂದ ತಲೆಯಾಡಿಸಿದರು.

ನನಗೆ ಆ ಹೊತ್ತಿಗೆ ಹೊಳೆದದ್ದೇ ಈ ಲೇಖನಕ್ಕೆ ಕಾರಣ. ಒಬ್ಬಳೇ ಕೂತು ಆಡಿದಾಗ ಆ ಕಥೆ ಅರ್ಧ ಮಾತ್ರ ನಡೆದಿತ್ತು. ಇನ್ನೊಬ್ಬರು ಇನ್ನೊಂದು ದಾರಿ ಹಿಡಿದು ಬಂದು "ನೀನು ಯಾಕೆ ಹಾಗೆ ಮಾಡಿದೆ?" ಎಂದು ಕೇಳಿದಾಗ ಉಳಿದರ್ಧ. ಅಲ್ಲಿಯವರೆಗೆ ನಾನು ಯಾಕೆ ಬಿಡಿಸಿದೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಮಕ್ಕಳು ಎದುರಿಗಿದ್ದರು, ಅವರ ಹೆಸರು ಗೊತ್ತಿತ್ತು, ಅವರ ಜೊತೆ ಕಣ್ಣುಮುಚ್ಚಾಲೆ ಆಡಿದ್ದೆ. ಊರು ದೂರದಲ್ಲಿತ್ತು. ಕಂಡವರಿಗೆ ಒಂದು ನ್ಯಾಯ, ಕಾಣದವರಿಗೆ ಒಂದು ನ್ಯಾಯ ಎಂದಾಯಿತು. ಅಕ್ಕನ ಮಗನದು ಬೇರೆ ಲೆಕ್ಕ: ಗುಡ್ಡದೊಳಗಿನ ಗುರುತಿಲ್ಲದ ಶಕ್ತಿಯ ಮಾತು ನಂಬಿ ಕಟ್ಟು ಬಿಚ್ಚಬಾರದು. ಇಂಜಿನಿಯರಿಂಗ್ ಓದಿದವನ ಬುದ್ಧಿ. ಯಾರ ಲೆಕ್ಕ ಸರಿ ಎಂದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಆಟ ಮಾಡುವವರು ಒಂದೇ ಕಥೆಯನ್ನು ಹೀಗೆ ಕವಲೊಡೆಸುವುದನ್ನು ಹೇಗೆ ಸಾಧಿಸುತ್ತಾರೆ ಎನ್ನುವುದನ್ನು ಆ ಹುಡುಗನೇ ನನಗೆ ವಿವರಿಸಿದ್ದು. ನಾವು ಒಂದು ಮಾತು ಆರಿಸಿದಾಗ ಆಟ ಒಳಗೆಲ್ಲೋ ಒಂದು ಗುರುತು ಹಾಕಿಕೊಳ್ಳುತ್ತದೆ: 'ಆತ್ಮ ಬಿಟ್ಟಿದೆ', 'ಕೂಸು ಹೂತಾಗಿದೆ'. ಹತ್ತು ಗಂಟೆ ಆಟ ಕಳೆದ ಮೇಲೆ ಇನ್ನೊಂದು ದೃಶ್ಯ ಬಂದಾಗ ಆ ಗುರುತು ನೋಡಿ, ಬರೆದಿಟ್ಟ ನಾಲ್ಕು ದೃಶ್ಯಗಳಲ್ಲಿ ಒಂದನ್ನು ಹೊರತೆಗೆಯುತ್ತದೆ. ನಾಲ್ಕನ್ನೂ ಬರೆಯಲೇಬೇಕು, ನಟರಿಂದ ಆಡಿಸಲೇಬೇಕು. ನಾವು ನೋಡುವುದು ಒಂದನ್ನೇ. ವಿಚರಿನವರ ಜಾಣತನವಿರುವುದು ತಡಮಾಡುವುದರಲ್ಲಿ. ಆಯ್ಕೆ ಮಾಡಿದ ಕ್ಷಣದಲ್ಲೇ ಫಲ ತೋರಿಸಿದರೆ, ಇಷ್ಟವಾಗದವನು ಹಿಂದಿನ ಸೇವ್ ತೆರೆದು ಮತ್ತೆ ಆಡುತ್ತಾನೆ. ಫಲ ಬಹಳ ಹೊತ್ತಿನ ಮೇಲೆ ಬಂದರೆ ಅಷ್ಟು ಹಿಂದಕ್ಕೆ ಯಾರು ಹೋದಾರು? ಮಾಡಿದ್ದುಣ್ಣಬೇಕು.

ಮಗಳು ಸಿರಿಯ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಆಟದ ಕೊನೆಯಲ್ಲಿ ಅವಳು ಬದುಕುತ್ತಾಳೋ ಇಲ್ಲವೋ ಎನ್ನುವುದು ಯಾವುದೋ ದೊಡ್ಡ ಯುದ್ಧದ ಮೇಲೆ ನಿಂತಿಲ್ಲ. ನಾಲ್ಕೈದು ಸಣ್ಣ ಸಂದರ್ಭಗಳಲ್ಲಿ ಅಪ್ಪ ಅವಳ ಜೊತೆ ಹೇಗೆ ನಡೆದುಕೊಂಡ ಎನ್ನುವುದರ ಮೇಲೆ ನಿಂತಿದೆ. ಬೇಜಾರಿನಲ್ಲಿರುವ ಮಗಳಿಗೆ ಒಂದು ಲೋಟ ಹೆಂಡ ಕೊಟ್ಟು ಸಮಾಧಾನ ಹೇಳುತ್ತೀರೋ, ಎಬ್ಬಿಸಿ ಹಿಮದ ಉಂಡೆ ಎಸೆದಾಡುತ್ತೀರೋ? ದೊಡ್ಡವರ ಸಭೆಗೆ ಅವಳೊಬ್ಬಳನ್ನೇ ಕಳಿಸುತ್ತೀರೋ, ನಾನೂ ಬರುತ್ತೇನೆಂದು ಹಿಂದೆ ಹೋಗುತ್ತೀರೋ? ತನಗೆ ನೆರವಾಗಿ ಆಮೇಲೆ ಸತ್ತ ಹುಡುಗನ ಸಮಾಧಿ ನೋಡಬೇಕೆಂದರೆ ಹೊತ್ತಾಯಿತು ಎನ್ನುತ್ತೀರೋ, ಕರೆದುಕೊಂಡು ಹೋಗುತ್ತೀರೋ? ಅಕ್ಕನ ಮಗ ಎಲ್ಲ ಕಡೆ ಜವಾಬ್ದಾರಿಯ ಅಪ್ಪನಾಗಿ ನಡೆದುಕೊಂಡ. ಹೆಜ್ಜೆಹೆಜ್ಜೆಗೂ ಜೊತೆ, ಹೆಜ್ಜೆಹೆಜ್ಜೆಗೂ ಉಪದೇಶ. ಕೊನೆಯಲ್ಲಿ ಮಗಳು ವಾಪಸು ಬರಲಿಲ್ಲ. "ಹಿಮದುಂಡೆ ಎಸೆಯಲಿಲ್ಲ ಅಂತ ಮಗಳು ಸಾಯೋದಾ?" ಎಂದು ಫೋನಿನಲ್ಲಿ ಕೂಗಾಡಿದ. ನನ್ನ ಅಕ್ಕ ಹಿಂದಿನಿಂದ, "ಅವನಿಗೆ ಅರ್ಥ ಆಗ್ಲಿ ಬಿಡೇ, ನಾಳೆ ಅವನೂ ಅಪ್ಪ ಆಗೋನು" ಎಂದಳು. ಹೆಣ್ಣುಮಕ್ಕಳನ್ನು ಬೆಳೆಸುವ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದ ಸಿನಿಮಾ ಇತ್ತೀಚೆಗೆ ನಾನಂತೂ ನೋಡಿಲ್ಲ.

ಹೊಸ ಆಟಗಳಲ್ಲಿ ಆಯ್ಕೆಗಳ ಈ ಹೋಲಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಬೆಲ್ಜಿಯಂನ ಗೆಂಟ್ ಊರಿನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್ 3ರಂದು ಬಿಡುಗಡೆ ಮಾಡಿದ 'ಬಾಲ್ಡರ್ಸ್ ಗೇಟ್ 3' ಅದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳ ಮೇಲೆಯೇ ಕಟ್ಟಿದ್ದು. ದಾಳ ಕೂಡ ಪರದೆಯ ಮೇಲೆ ಉರುಳುತ್ತದೆ. ನಾಲ್ಕು ಜನ ನಾಲ್ಕು ಮನೆಯಲ್ಲಿ ಕೂತು ಒಟ್ಟಿಗೆ ಆಡಬಹುದು. ಹತ್ತಿರ ಹತ್ತಿರ 150 ಜಿಬಿಯ ಆಟ. ಸಂಸೆಯ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳಲು ಕೂತರೆ ಮುಂದಿನ ಕೊಯ್ಲು ಬಂದೀತು, ನನ್ನ ಹಳೆಯ ಲ್ಯಾಪ್‌ಟಾಪಿಗೂ ಅದು ಭಾರ. ಹಾಗಾಗಿ ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಗೆ ಹೋದಾಗ ಹುಡುಗರ ಹಿಂದೆ ಕೂತು ನೋಡಿದೆ.

ಕಥೆಯ ಆರಂಭದಲ್ಲೇ ಒಂದು ವನ ಬರುತ್ತದೆ. ಕಾಡನ್ನು ದೇವರೆಂದು ಪೂಜಿಸುವವರ ಜಾಗ. ಅಲ್ಲಿಗೆ ಊರು ಕಳೆದುಕೊಂಡ ನಿರಾಶ್ರಿತರು ಬಂದು ಸೇರಿದ್ದಾರೆ. ತಲೆಯ ಮೇಲೆ ಕೊಂಬಿರುವ ಜನ, ಯಾರಿಗೂ ಬೇಡದವರು. ವನದವರು ಮುಳ್ಳಿನ ಬೇಲಿಯ ಮಂತ್ರ ಹಾಕಿ ಹೊರಗಿನವರನ್ನೆಲ್ಲ ಹೊರಗಟ್ಟಿ ಬಾಗಿಲು ಮುಚ್ಚಲು ಹೊರಟಿದ್ದಾರೆ. ನಿರಾಶ್ರಿತರ ಪುಟ್ಟ ಹುಡುಗಿಯೊಬ್ಬಳು ಅವರ ದೇವರ ಮೂರ್ತಿಯನ್ನು ಕದ್ದು ಸಿಕ್ಕಿಬಿದ್ದಿದ್ದಾಳೆ, ವನದ ಮುಖ್ಯಸ್ಥೆ ಅವಳ ಮೇಲೆ ಹಾವು ಬಿಡುವುದರಲ್ಲಿದ್ದಾಳೆ. ನಾವು ಮಾತಾಡಿ ಬಿಡಿಸಬೇಕು. ಯಾವ ಧಾಟಿಯಲ್ಲಿ ಮಾತಾಡುವುದೆಂದು ಆರಿಸಿ ದಾಳ ಹಾಕುತ್ತೇವೆ. ಅಕ್ಕನ ಮಗನ ದಾಳ ಚೆನ್ನಾಗಿ ಬಿತ್ತು, ಹುಡುಗಿ ಅಮ್ಮನ ಹತ್ತಿರ ಓಡಿದಳು. ಮೂಡಿಗೆರೆಯವನು ತನ್ನ ಮನೆಯಲ್ಲಿ ಒಬ್ಬನೇ ಆಡಿದಾಗ ದಾಳ ಕೈಕೊಟ್ಟಿತ್ತು. ಓಡಲು ಹೋದ ಹುಡುಗಿಯನ್ನು ಹಾವು ಕಚ್ಚಿತು. ಅವನು ಆಟ ಮುಚ್ಚಿ ಎದ್ದುಹೋದನಂತೆ, ಎರಡು ದಿನ ತೆರೆಯಲಿಲ್ಲವಂತೆ.

ಆಮೇಲೆ ದೊಡ್ಡ ಪ್ರಶ್ನೆ: ವನದವರ ಪರವೋ, ನಿರಾಶ್ರಿತರ ಪರವೋ, ಎಲ್ಲರನ್ನೂ ಕೊಲ್ಲಲು ಬರುತ್ತಿರುವ ಗಾಬ್ಲಿನ್ ಎಂಬ ಕ್ಷುದ್ರ ಜೀವಿಗಳ ದಂಡಿನ ಪರವೋ. ಅಕ್ಕನ ಮಗ ವನದವರ ಮಾತಿನಲ್ಲೂ ಅರ್ಥವಿದೆ ಎಂದ: ಈ ಜನ ಬಂದದ್ದರಿಂದಲೇ ಗಾಬ್ಲಿನ್ನರು ಇಲ್ಲಿಗೆ ಬಂದದ್ದು, ಕಾಡು ಉಳಿಯಬೇಕಲ್ಲ. ಮೂಡಿಗೆರೆಯ ಹುಡುಗ ಆವರೆಗೆ ಹೆಚ್ಚು ಮಾತಾಡದವನು, ಆ ದಿನ ಬಿಡಲಿಲ್ಲ. ಅವನ ಅಜ್ಜನ ಮನೆಯಿದ್ದದ್ದು ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಯೊಂದರಲ್ಲಿ. 2001-02ರ ಸುಮಾರಿಗೆ ಅಲ್ಲಿನ ಹಳ್ಳಿಗಳವರನ್ನು ಹುಲಿಗಳಿಗಾಗಿ ಕಾಡಿನಿಂದ ಹೊರಗೆ ತಂದು, ತರೀಕೆರೆ ಬಳಿಯ ಎಂ.ಸಿ. ಹಳ್ಳಿ ಮುಂತಾದ ಕಡೆ ಜಮೀನು, ಮನೆ ಕೊಟ್ಟು ನೆಲೆಗೊಳಿಸಿದರು. ದೇಶದಲ್ಲೇ ಚೆನ್ನಾಗಿ ನಡೆದ ಪುನರ್ವಸತಿ ಎಂದು ಹೆಸರಾದದ್ದು ಅದು, ಆ ಹೆಸರು ಸುಳ್ಳೂ ಅಲ್ಲ. "ಜಮೀನು ಚೆನ್ನಾಗೇ ಇದೆ. ಆದ್ರೆ ನಮ್ಮಜ್ಜ ಸಾಯೋವರೆಗೂ ಕಾಡಿನ ಕಡೆ ಮುಖ ಮಾಡಿ ಕೂತ್ಕೊಳ್ತಿದ್ರು" ಎಂದ. "ಕಾಡು ಉಳಿಸೋರ ಮಾತು ಸರಿಯಿದ್ದರೂ ಬಾಗಿಲು ಹಾಕೋ ಕೆಲಸ ನನ್ನ ಕೈಯಲ್ಲಿ ಮಾಡಿಸಬೇಡ." ಅಕ್ಕನ ಮಗನಿಗೆ ಅವನ ಪರಿಚಯ ಹೈಸ್ಕೂಲಿನಿಂದ. ಅಜ್ಜನ ವಿಷಯ ಗೊತ್ತಾದದ್ದು ಆ ದಿನ.

ಬೇರೆಯವರು ಏನು ಆರಿಸಿದರು ಎಂದು ಆಟವೇ ತೋರಿಸುವ ಏರ್ಪಾಡೂ ಉಂಟು. 2012ರಲ್ಲಿ ಬಂದ 'ದಿ ವಾಕಿಂಗ್ ಡೆಡ್' ಎಂಬ ಆಟ ಪ್ರತಿ ಕಂತಿನ ಕೊನೆಗೆ, ನಿಮ್ಮಂತೆಯೇ ಆರಿಸಿದವರು ನೂರಕ್ಕೆ ಇಷ್ಟು ಜನ ಎಂದು ಲೆಕ್ಕ ತೋರಿಸುತ್ತಿತ್ತು. 2018ರ 'ಡೆಟ್ರಾಯ್ಟ್: ಬಿಕಮ್ ಹ್ಯೂಮನ್' ಇನ್ನೂ ಮುಂದೆ ಹೋಗಿ, ಕಥೆಯ ಎಲ್ಲ ಕವಲುಗಳ ನಕ್ಷೆಯನ್ನೇ ಬಿಡಿಸಿಟ್ಟಿತು. ನನಗೆ ಅವೆರಡೂ ಸಪ್ಪೆ. ನೂರಕ್ಕೆ ಅರವತ್ತು ಜನ ನನ್ನ ಹಾಗೆ ಮಾಡಿದರೆಂದು ತಿಳಿದು ನನಗೇನಾಗಬೇಕು? ಅರವತ್ತು ಜನರಲ್ಲಿ ಒಬ್ಬರಾದರೂ ಎದುರಿಗೆ ಕೂತು ಯಾಕೆಂದು ಹೇಳಬೇಕು. ಮೂಡಿಗೆರೆ ಹುಡುಗನ ಅಜ್ಜ ಯಾವ ಶೇಕಡಾವಾರಿನಲ್ಲೂ ಕಾಣುವುದಿಲ್ಲ.

ಇದನ್ನೆಲ್ಲ ನಾನು ನನ್ನ ಸೋದರಮಾವನಿಗೆ ಹೇಳಿದಾಗ ಅವರು ಆಶ್ಚರ್ಯಪಡಲಿಲ್ಲ. ಅವರು ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ಬಯಲಾಟದ ಮೇಳಗಳು ಮಳೆಗೆ ಮೊದಲು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ದೇವಸ್ಥಾನದ ಚಾವಡಿಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ತಾಳಮದ್ದಳೆ ಶುರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತದೆ, ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಎಲ್ಲವೂ ಆ ಹೊತ್ತಿಗೆ ಹುಟ್ಟಿದ ಮಾತು.

ಆಟದ ಪರದೆಯಲ್ಲಿ ಗೆರಾಲ್ಟನಿಗೆ ಸಾಲಾಗಿ ಮೂರು ಮಾತು ಬಂದು ನಿಂತದ್ದನ್ನು ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಷ್ಟೇಯಾ? ಇದರಲ್ಲೇ ಒಂದು ಹೇಳಬೇಕಾ?" ಎಂದರು. ಹೌದೆಂದೆ. "ವಾಲಿಗೆ ಮೂರೇ ಮಾತು ಕೊಟ್ಟಿದ್ದರೆ ಬಾಣ ನೆಟ್ಟ ಕೂಡಲೇ ಸಾಯಬೇಕಿತ್ತು ಮಾರಾಯ್ತಿ. ನಮ್ಮಲ್ಲಿ ಅವನು ಎರಡು ಗಂಟೆ ಸಾಯುವುದಿಲ್ಲ."

ಪಾರ್ತಿಸುಬ್ಬನ ರಾಮಾಯಣದ 'ವಾಲಿವಧೆ' ನಮ್ಮ ಕಡೆ ಎಷ್ಟು ಸಲ ಕೇಳಿದರೂ ಸಾಕಾಗದ ಪ್ರಸಂಗ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಬಿದ್ದ ವಾಲಿ ಪ್ರಶ್ನಿಸುತ್ತಾನೆ. ಎದುರಿಗೆ ಬರಲಿಲ್ಲ ಯಾಕೆ? ನನಗೂ ನಿನಗೂ ಏನು ಹಗೆ? ಹೆಂಡತಿಯನ್ನು ಹುಡುಕಿಸಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ರಾವಣನನ್ನು ಬಾಲದಲ್ಲಿ ಕಟ್ಟಿದವನು ನಾನು. ರಾಮನ ಪಾತ್ರ ಹಿಡಿದವರು ಇಲ್ಲಿ ದಾರಿ ಆರಿಸಿಕೊಳ್ಳಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ದಂಡನೆ ಎನ್ನಬಹುದು. ಬೇಟೆಯ ನ್ಯಾಯ ಹೇಳಬಹುದು. ಸುಗ್ರೀವನಿಗೆ ಕೊಟ್ಟ ಮಾತು ಹಿಡಿದು ನಿಲ್ಲಬಹುದು. ಯಾವುದನ್ನು ಹಿಡಿದರೂ ವಾಲಿಯ ಪಾತ್ರಧಾರಿ ಸಮರ್ಥನಾಗಿದ್ದರೆ ಬೆವರಿಳಿಸುತ್ತಾನೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ರಾಮನಾಗುವವರಿಗೆ ಅಳುಕು ಎಂದು ಮಾವ ಈಗಲೂ ಹೇಳುತ್ತಾರೆ. ಶೇಣಿಯವರು 2006ರಲ್ಲಿ ತೀರಿಕೊಂಡರು, ಅವರ ಮಾತಿನ ಕ್ಯಾಸೆಟ್ಟುಗಳು ಮಾವನ ಪೆಟ್ಟಿಗೆಯಲ್ಲಿ ಹಾಗೆಯೇ ಇವೆ.

ಮಾರನೆಯ ದಿನ ಕಳಸದ ಪೇಟೆಯಲ್ಲಿ ಚಾ ಕುಡಿಯುತ್ತ ನಡೆಯುವ ಮಾತು ಇದೇ: "ನಿನ್ನೆಯ ರಾಮ ಧರ್ಮಶಾಸ್ತ್ರಕ್ಕೆ ಹೋದದ್ದು ಸರಿಯಾಗಲಿಲ್ಲ, ಹೋದ ವರ್ಷದವರು ಸ್ನೇಹ ಹಿಡಿದು ಗೆದ್ದಿದ್ದರು." ಒಂದೇ ಕಥೆ, ಬೇರೆ ಬೇರೆ ರಾತ್ರಿ, ಬೇರೆ ಬೇರೆ ಆಯ್ಕೆ, ಆಮೇಲೆ ಹೋಲಿಕೆ. ಒಂದು ದೊಡ್ಡ ವ್ಯತ್ಯಾಸವನ್ನು ಮಾವನೇ ಎತ್ತಿ ತೋರಿಸಿದರು. ತಾಳಮದ್ದಳೆಯಲ್ಲಿ ರಾಮ ಏನೇ ಹೇಳಲಿ, ವಾಲಿ ಸಾಯಲೇಬೇಕು. ಮಾತಿಗೆ ಮಿತಿಯಿಲ್ಲ, ಕಥೆಯ ಕೊನೆಗೆ ಬೇಲಿ. ಈ ಆಟದಲ್ಲಿ ಬ್ಯಾರನ್ನನನ್ನು ಉಳಿಸಬಹುದು, ಸಾಯಿಸಬಹುದು, ಆದರೆ ಬರೆದುಕೊಟ್ಟ ಮಾತೇ ಆಡಬೇಕು. "ನನಗೆ ನಮ್ಮದೇ ಸರಿ" ಎಂದರು ಮಾವ. "ಸಾಯೋದು ಗೊತ್ತಿದ್ದೂ ಮಾತಾಡೋದರಲ್ಲಿ ಒಂದು ಗತ್ತುಂಟು." ನನಗೆ ಎರಡೂ ಬೇಕು. ಆದರೆ ಒಂದು ರಾತ್ರಿ ಅವರೇ ಬ್ಯಾರನ್ನನ ಪರವಾಗಿ ನಮ್ಮ ಜಗಲಿಯಲ್ಲಿ ಕೂತು ಅರ್ಧ ಗಂಟೆ ಅರ್ಥ ಹೇಳಿದರು, ಅತ್ತೆ ಅವನ ಹೆಂಡತಿಯ ಪರವಾಗಿ ಉತ್ತರ ಕೊಟ್ಟರು. ಆಟ ಬರೆದ ಪೋಲೆಂಡಿನವರಿಗೆ ಆ ಮಾತು ಕೇಳಿಸಿದ್ದರೆ ಬರೆದುಕೊಳ್ಳುತ್ತಿದ್ದರು. ಗೆದ್ದದ್ದು ಅತ್ತೆ.

ಈ ದೊಡ್ಡ ಆಟಗಳಲ್ಲಿ ಯಾವುದಕ್ಕೂ ಕನ್ನಡವಿಲ್ಲ. ನಮ್ಮ ದೇಶದ್ದೇ ಎಂದರೆ ಪುಣೆಯ ತಂಡವೊಂದು 2020ರಲ್ಲಿ ತಂದ 'ರಾಜಿ' ಇದೆ. ಪುರಾಣದ ಅಸುರರು, ಅರಮನೆಗಳು, ನೋಡಲು ಸೊಗಸು. ಆದರೆ ಅದರಲ್ಲಿ ಕಥೆ ಒಂದೇ ದಾರಿಯಲ್ಲಿ ಹೋಗುತ್ತದೆ, ಆರಿಸುವುದಕ್ಕಿಲ್ಲ. ನೂರು ಬಗೆಯಲ್ಲಿ ವಾಲಿಯನ್ನು ಮಾತಾಡಿಸಬಲ್ಲ ನಾಡಿನಲ್ಲಿ ಅಂಥದೊಂದು ಆಟ ಬರೆಯಲು ಜನ ಇಲ್ಲವೆಂದು ನಾನು ನಂಬುವುದಿಲ್ಲ. ದುಡ್ಡಿಲ್ಲ ಎಂದರೆ ನಂಬುತ್ತೇನೆ.

ಆಡಬೇಕೆನ್ನಿಸಿದವರಿಗೆ ನಾಲ್ಕು ಮಾತು. ವಿಚರ್ ದೊಡ್ಡವರ ಆಟ, 18 ತುಂಬದವರ ಕೈಗೆ ಕೊಡಬೇಡಿ; ರಕ್ತವೂ ಇದೆ, ಉಳಿದದ್ದೂ ಇದೆ. ವರ್ಷಕ್ಕೆ ಹಲವು ಸಲ ರಿಯಾಯಿತಿಗೆ ಬರುತ್ತದೆ, ಪೂರ್ತಿ ಬೆಲೆ ಕೊಡುವ ಅವಸರ ಬೇಡ. ಹಿಂದೆ ಅದೇ ಕಂಪನಿಯ ಬಳಗದಲ್ಲಿದ್ದ ಜಿಓಜಿ ಎಂಬ ಅಂಗಡಿಯಲ್ಲಿ ಕೊಂಡರೆ, ನೆಟ್‌ವರ್ಕ್ ಇರುವ ಕಡೆ ನಿಮ್ಮ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ತೋಟದ ಮನೆಗೆ ತಂದು ಹಾಕಿಕೊಳ್ಳಬಹುದು, ಆಮೇಲೆ ಇಂಟರ್ನೆಟ್ ಬೇಡ. ಯಾವ ದಾರಿ ಒಳ್ಳೆಯದೆಂದು ಮೊದಲೇ ಹುಡುಕಿ ಓದಬೇಡಿ. ಒಬ್ಬರೇ ಆಡಬೇಡಿ; ನಿಮ್ಮ ಸ್ವಭಾವಕ್ಕೆ ವಿರುದ್ಧವಾದ ಒಬ್ಬರಿಗೆ, ಬೇರೆ ಮನೆಯಲ್ಲಿರುವವರಿಗೆ, ಇದೇ ಆಟ ಹಿಡಿಸಿ. ಮತ್ತು ಇಬ್ಬರೂ ಜವುಗು ದಾಟಿ ಆಚೆ ಬರುವವರೆಗೆ ಒಬ್ಬರಿಗೊಬ್ಬರು ಫೋನ್ ಮಾಡಬೇಡಿ.